ಪರಸ್ಥಳದ ಮೇಸ್ತ್ರಿ

ಶ್ಯಾಮಲಮ್ಮ: ಗೋಡೆ ಮೊಣಕಾಲಿಗೆ ಬಂದು ನಿಂತು ಎರಡು ವರ್ಷ ಆಯ್ತು ರೀ! ಭಾನುವಾರ ಬೀಗರು ಬರ್ತಾರೆ. ಬೀಗಿತ್ತಿ ಎಲ್ಲಿ ಸ್ನಾನ ಮಾಡ್ಬೇಕು, ಎಮ್ಮೆ ಪಕ್ಕದಲ್ಲಾ?

ಬೈರಕೂರಿನ ಗಾರೆ ಮೇಸ್ತ್ರಿ ಅಶ್ವತ್ಥಪ್ಪ ತನ್ನದೇ ಅರೆಬರೆ ಬಚ್ಚಲುಮನೆಯ ಗೋಡೆಯನ್ನು ಒಂದೇ ಹೆಜ್ಜೆಗೆ ದಾಟಿ ಬಂದು, ಕರಣೆಯನ್ನು ಖಡ್ಗದಂತೆ ಚೀಲಕ್ಕೆ ಇಳಿಸಿದ. ಹೆಂಡತಿ ಶ್ಯಾಮಲಮ್ಮ ಬಾಗಿಲಿಗೆ ಅಡ್ಡ ನಿಂತಳು.

ಅಶ್ವತ್ಥಪ್ಪ: ಶ್ರೀನಿವಾಸಪುರದಲ್ಲಿ ಕೆಲಸ ಒಪ್ಕೊಂಡಿದೀನಿ ಕಣೇ. ದಾರಿ ಬಿಡು.

ಶ್ಯಾಮಲಮ್ಮ: ಇಲ್ಲಿರೋ ಕೆಲಸ ಬಿಟ್ಟು ಎರಡು ಬಸ್ಸು ಹತ್ಕೊಂಡು ಅಲ್ಲಿಗ್ಯಾಕೆ?

ಅಶ್ವತ್ಥಪ್ಪ: ಇಲ್ಲಿ ಕಟ್ಟಿದ್ರೆ ಸೊಟ್ಟಗಿದೆ ಅಂತೀಯ. ನಡುವೆ ಎಮ್ಮೆ ಬಿಚ್ಚು ಅಂತೀಯ. ಅಲ್ಲಿ ‘ಮೇಸ್ತ್ರಿಗಳೇ’ ಅಂತಾರೆ. ಹನ್ನೊಂದು ಗಂಟೆಗೆ ಟೀ, ಜೊತೆಗೆ ಬನ್ನು!

ಶ್ಯಾಮಲಮ್ಮ: ಒಂದು ಬನ್ನಿಗೆ ದೇಶಾಂತರಾನಾ?

ಅಶ್ವತ್ಥಪ್ಪ: ಮರ್ಯಾದೆಗೆ ಕಣೇ! ಬನ್ನು ಬರೀ ಗುರುತು.

ಶ್ಯಾಮಲಮ್ಮ: ಹಂಗಾದ್ರೆ ಹೋಗಿ. ನಾನೂ ಹೊರಗಿಂದ ಮೇಸ್ತ್ರೀನ ಕರೆಸಿದೀನಿ.

ಅಷ್ಟರಲ್ಲಿ ಅಂಥದೇ ಚೀಲ, ಅಂಥದೇ ಕರಣೆ ಹೊತ್ತು ರಹಮತ್ತುಲ್ಲಾ ಅಂಗಳಕ್ಕೆ ಕಾಲಿಟ್ಟ.

ಅಶ್ವತ್ಥಪ್ಪ: ಮೇಸ್ತ್ರಿ ಮನೆಗೆ ಇನ್ನೊಬ್ಬ ಮೇಸ್ತ್ರೀನಾ! ಊರೋರು ನಗಲ್ವಾ?

ರಹಮತ್ತುಲ್ಲಾ: ಅರೆ ಅಣ್ಣಾ, ನಮ್ಮನೇಲೂ ಇದೇ ಕಥೆ. ಅಡುಗೆಮನೆ ಕಟ್ಟೆ ಒಡೆದು ಮೂರು ರಂಜಾನ್ ಆಯ್ತು. ‘ಮನೇಲೇ ಇದೀರಲ್ಲ, ಹಂಗೇ ಒಂದು ಕೈ ಹಾಕಿ’ ಅಂತಾಳೆ ಹೆಂಡ್ತಿ. ಹಂಗೇ ಹಾಕೋ ಕೈಯಾ ಇದು?

ಇಬ್ಬರು ವೀರರೂ ಅಪ್ಪಿಕೊಂಡರು; ಅಂಗಿಗಳಿಂದ ಸಿಮೆಂಟಿನ ಧೂಳು ಎದ್ದಿತು.

ಅಶ್ವತ್ಥಪ್ಪ: ನಂದೂ ಕಟ್ಟೆ ಕೆಲಸಾನೇ ಭಾಯ್. ಮಾವಿನ ಮಂಡಿ ಹಿಂದೆ ಹಸಿರು ಗೇಟಿನ ಮನೆ. ರಹೀಮಾ ಅಂತ ಆಯಮ್ಮ.

ರಹಮತ್ತುಲ್ಲಾ: ಯಾ ಅಲ್ಲಾ! ಅದು ನನ್ನ ಮನೆ!

ಎಮ್ಮೆ ಕೂಡ ಮೆಲುಕು ನಿಲ್ಲಿಸಿತು.

ಶ್ಯಾಮಲಮ್ಮ: ಒಳ್ಳೇದೇ ಆಯ್ತು. ನಿಮ್ಮ ನಿಮ್ಮ ಮನೆ ಕೆಲಸ ನೀವೇ ಮಾಡ್ಕೊಳ್ಳಿ.

ಇಬ್ಬರೂ: ಅಯ್ಯಯ್ಯೋ, ಬೇಡ!

ರಹಮತ್ತುಲ್ಲಾ: ಓಡಿ ಅಣ್ಣಾ, ಬಸ್ಸು ಬಂತು! ನಾನಿಲ್ಲಿರೋದು ಅವಳಿಗೆ ಹೇಳ್ಬೇಡಿ. ಮಾಲೂರಿಗೆ ಹೋಗ್ತೀನಿ ಅಂತ ಹೇಳ್ಬಂದಿದೀನಿ.

ಅಶ್ವತ್ಥಪ್ಪ ಓಡಿದ. ಶ್ಯಾಮಲಮ್ಮ “ಮೇಸ್ತ್ರಿಗಳೇ” ಎನ್ನುತ್ತಾ ರಹಮತ್ತುಲ್ಲಾನ ಮುಂದೆ ಟೀ, ಬನ್ನು ಇಟ್ಟಳು. ಆತ ಬನ್ನನ್ನು ಎರಡೇ ತುತ್ತಿಗೆ ಮುಗಿಸಿ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗುಂಡುದಾರ ಇಳಿಬಿಟ್ಟ. ಗೋಡೆ ಮೇಲೇಳತೊಡಗಿತು. ಅವಳು ಹಿತ್ತಲಿಗೆ ಹೋಗಿ ಫೋನ್ ಮಾಡಿದಳು.

ಶ್ಯಾಮಲಮ್ಮ: ಹಲೋ, ರಹೀಮಾ? ನಿಮ್ಮೋರು ಬಂದ್ರು. ನಮ್ಮೋರು ಹೊರಟ್ರು. ಬೇಡ ಬೇಡ ಅಂತ ಅಡ್ಡ ನಿಂತೆ, ಅದಕ್ಕೇ ಅಷ್ಟು ಬೇಗ ಓಡಿದ್ರು. ಆವತ್ತು ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲಿ ನಾವಿಬ್ಬರೂ ಕೂತು ಗಂಡಂದಿರ ಕಥೆ ಹೇಳ್ಕೊಂಡು ಅತ್ತಿದ್ದು ಸಾರ್ಥಕ ಆಯ್ತು ಬಿಡಿ. ಬನ್ನು ಮರೀಬೇಡಿ. ಹೂಂ... ನಿಮ್ಮನೆ ಫ್ಯಾನ್ ತಿರುಗ್ತಿಲ್ಲ ಅಂದಿದ್ರಲ್ಲ? ಆವನೀಲಿ ನಮ್ಮಕ್ಕನ ಗಂಡ ವೈರಿಂಗ್ ಕೆಲಸದೋರು. ಅವರ ಮನೇಲಿ ಮೂರು ವರ್ಷದಿಂದ ದೀಪ ಉರಿದಿಲ್ಲ. ಅಂದ್ರೆ ತುಂಬಾ ಒಳ್ಳೆ ಕೆಲಸಗಾರ. ಕಳಿಸ್ಲಾ?