ಲ್ಯಾಪ್‌ಟಾಪಿನ ಹಣೆಗೆ ವಿಭೂತಿ

ನನ್ನನ್ನು ನಾನು ವೈಚಾರಿಕ ಮನುಷ್ಯ ಎಂದು ಕರೆದುಕೊಳ್ಳಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಬಸವೇಶ್ವರನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ ದಿನವೇ ಈ ಬಿರುದನ್ನು ನನಗೆ ನಾನೇ ದಯಪಾಲಿಸಿಕೊಂಡೆ; ಬೇರೆಯವರು ಕೊಡುವ ಲಕ್ಷಣ ಕಾಣಲಿಲ್ಲ. ಬೆಕ್ಕು ಅಡ್ಡ ಬಂದರೆ ಸ್ಕೂಟರ್ ನಿಲ್ಲಿಸುವವನಲ್ಲ ನಾನು. ರಾಹುಕಾಲದಲ್ಲೇ ಕ್ಷೌರಕ್ಕೆ ಹೋಗುತ್ತೇನೆ, ಆಗ ಅಂಗಡಿ ಖಾಲಿ ಇರುತ್ತದೆ ಎಂಬುದು ಬೇರೆ ಮಾತು. ಗ್ರಹಣದ ದಿನ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆತಂದು ಅವರ ಕಣ್ಣೆದುರೇ ಚಿತ್ರಾನ್ನ ತಿನ್ನುತ್ತೇನೆ. ಆ ಚಿತ್ರಾನ್ನವನ್ನು ನನ್ನ ಹೆಂಡತಿ ಗಿರಿಜಾ ಗ್ರಹಣ ಹಿಡಿಯುವ ಮೊದಲೇ ಮಾಡಿ, ಮೇಲೊಂದು ದರ್ಭೆ ಇಟ್ಟು ಕಳಿಸಿರುತ್ತಾಳೆ. ದರ್ಭೆಯನ್ನು ಸ್ಟಾಫ್ ರೂಮಿನಲ್ಲೇ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಎಸೆಯುವುದಿಲ್ಲ. ಇದೊಂದರಿಂದಲೇ ಓದುಗರಿಗೆ ನನ್ನ ವೈಚಾರಿಕತೆಯ ಗಟ್ಟಿತನ ಗೊತ್ತಾಗಿರಬೇಕು. ಆದರೂ ಒಂದು ಲ್ಯಾಪ್‌ಟಾಪ್ ನನ್ನ ಬಣ್ಣ ಬಯಲು ಮಾಡಿದ ಪ್ರಸಂಗವನ್ನು ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ.

ಆ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂದದ್ದು ಒಂದು ಮದುವೆಯ ಪರಿಣಾಮವಾಗಿ. ಕೆಂಗೇರಿಯಲ್ಲಿರುವ ನನ್ನ ಬಾಮೈದ ಬ್ರಹ್ಮಚಾರಿಯಾಗಿದ್ದಾಗ ಗೇಮ್ ಆಡುವುದಕ್ಕೆಂದೇ ಕೊಂಡಿದ್ದ ಯಂತ್ರ ಅದು. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರ. ಮದುವೆಯಾಗಿ ಎರಡು ತಿಂಗಳಾಗಿರಲಿಲ್ಲ, ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದು, "ಭಾವ, ಇದನ್ನ ನೀವಿಟ್ಕೊಳ್ಳಿ. ಮನೇಲಿ ಇದಿರ್ಬೇಕು, ಇಲ್ಲ ನಾನಿರ್ಬೇಕು ಅಂತಿದಾಳೆ" ಎಂದ. ನಮ್ಮ ಮಗಳು ಸಿಂಚನಾ ಪಿಯುಸಿಯಲ್ಲಿದ್ದಳು, ಓದಿಗೆ ಆಗುತ್ತದೆ ಎಂದು ಇಟ್ಟುಕೊಂಡೆವು. ಓದಿಗೆ ಅದನ್ನು ಯಾರು ಬಳಸಿದರೋ ನೆನಪಿಲ್ಲ. ಒಳಗೆ ಉಳಿದುಕೊಂಡಿದ್ದ ಕಾರ್ ರೇಸಿನ ಆಟಕ್ಕೆ ಬಳಸಿದವನು ನಾನು.

ಇದಕ್ಕೊಂದು ಕಾರಣವಿದೆ. ಮಾಗಡಿ ರಸ್ತೆಯಲ್ಲಿ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದ ಕಾಲ ಅದು. ನನ್ನ ಸ್ಕೂಟರನ್ನು ನೀರಿನ ಟ್ಯಾಂಕರು, ಮರಳು ಲಾರಿ, ಕೊನೆಗೆ ಸೈಕಲ್ಲಿನಲ್ಲಿ ಸೊಪ್ಪು ಮಾರುವವನು ಕೂಡ ಹಿಂದೆ ಹಾಕಿ ಹೋಗುತ್ತಿದ್ದರು. "ಸಾರ್, ಸೈಡಲ್ಲಿ ನಿಂತ್ಕೊಂಡಿದೀರಾ, ಹೋಗ್ತಿದೀರಾ?" ಎಂದು ಒಬ್ಬ ಆಟೋದವನು ನಿಜವಾದ ಕುತೂಹಲದಿಂದ ಕೇಳಿದ್ದುಂಟು. ಇಂಥವನಿಗೆ ಸಂಜೆ ಮನೆಗೆ ಬಂದು ಕೂತರೆ ಕೆಂಪು ಕಾರು, ಖಾಲಿ ರಸ್ತೆ, ಇನ್ನೂರ ನಲವತ್ತರ ವೇಗ! ಆದರೆ ಐದು ಸುತ್ತಿನ ಆ ರೇಸಿನಲ್ಲಿ ನಾಲ್ಕನೆಯ ಸುತ್ತು ಮುಗಿಯುವ ಹೊತ್ತಿಗೆ ಟಪ್ಪೆಂದು ಪರದೆ ಕಪ್ಪಾಗಿ, ಲ್ಯಾಪ್‌ಟಾಪ್ ಒಂದು ನಿಟ್ಟುಸಿರು ಬಿಟ್ಟು ಆರಿಹೋಗುತ್ತಿತ್ತು. ಕಪ್ಪು ಪರದೆಯಲ್ಲಿ ನನ್ನ ಮುಖವೇ ನನಗೆ ಕಾಣುತ್ತಿತ್ತು. "ಇನ್ನೊಂದು ಸುತ್ತು ಇದ್ದಿದ್ರೆ ಗೆದ್ದೇಬಿಡ್ತಿದ್ದೆ" ಎಂದು ಒಳಗೆ ಕೇಳುವಂತೆ ಹೇಳುತ್ತಿದ್ದೆ. ಸುಳ್ಳೆಂದು ಸಾಧಿಸಲು ಯಾರ ಬಳಿಯೂ ಪುರಾವೆ ಇರಲಿಲ್ಲ.

ವಿಜ್ಞಾನದ ಮೇಷ್ಟ್ರು ಸುಮ್ಮನಿರುತ್ತಾನೆಯೇ? ಪತ್ತೇದಾರಿಕೆಗೆ ಇಳಿದೆ. ಮೊದಲ ಅನುಮಾನ ವೋಲ್ಟೇಜಿನ ಮೇಲೆ. ಫ್ರಿಜ್ಜಿಗೆ ಹಾಕಿದ್ದ ಸ್ಟೆಬಿಲೈಜರ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದೆ. ಲ್ಯಾಪ್‌ಟಾಪ್ ಎಂದಿನಂತೆ ಆರಿತು, ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಹರಿಯಿತು. ಎರಡನೆಯ ಅನುಮಾನ ಗಿರಿಜಾಳ ಮಿಕ್ಸಿಯ ಮೇಲೆ. ರೇಸ್ ನಡೆಯುವಾಗ ಯಾರೂ ಚಟ್ನಿ ರುಬ್ಬಕೂಡದು ಎಂದು ಅಪ್ಪಣೆ ಮಾಡಿದೆ. "ಹಂಗಾದ್ರೆ ನಾಳೆಯಿಂದ ಉಪ್ಪಿಟ್ಟಿಗೆ ರೇಸ್ ನಂಚ್ಕೊಳ್ಳಿ ರೀ" ಎಂದಳು. ಮೂರನೆಯದು ವೈರಸ್. ಶಾಲೆಯ ಕಂಪ್ಯೂಟರ್ ಮೇಡಂ ಹೇಳಿದಂತೆ ಅದಕ್ಕೂ ಮದ್ದು ಅರೆದದ್ದಾಯಿತು. ಒಂದು ಸಂಜೆ ಸಿಂಚನಾ ಅದರ ಮೇಲೆ ಕೈಯಿಟ್ಟು, "ಅಪ್ಪಾ, ದೋಸೆ ಹುಯ್ಯೋ ಹಂಗೆ ಕಾದಿದೆ. ಅದಕ್ಕೇ ಆಫ್ ಆಗ್ತಿರ್ಬೇಕು" ಎಂದಳು. ಒಂಬತ್ತನೇ ತರಗತಿಗೆ ಇಪ್ಪತ್ತು ವರ್ಷದಿಂದ ಉಷ್ಣದ ಪಾಠ ಮಾಡುತ್ತಿರುವವನಿಗೆ ಪಿಯುಸಿ ಹುಡುಗಿ ಉಷ್ಣದ ವಿಷಯ ಹೇಳುವುದೇ? ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವಳು ಬೆರಳನ್ನು ಎತ್ತಿ ನೋಡಿಕೊಂಡು, "ಇದೇನಪ್ಪಾ, ಬಿಳಿ ಪುಡಿ?" ಎಂದಳು.

ಇಲ್ಲಿ ನನ್ನ ಅವ್ವನ ವಿಷಯ ಹೇಳಬೇಕು. ಅವ್ವ ದಾವಣಗೆರೆ ಕಡೆಯವಳು, ಅಪ್ಪ ಹೋದ ಮೇಲೆ ನಮ್ಮೊಂದಿಗೇ ವಿಜಯನಗರದಲ್ಲಿದ್ದಾಳೆ. ಬೆಳಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದಳೆಂದರೆ ವಿಭೂತಿ ಹಚ್ಚಿದ ಬೆರಳಲ್ಲೇ ಮನೆಯೆಲ್ಲ ಒಂದು ಸುತ್ತು ಬರುತ್ತಾಳೆ. ಟಿವಿಗೆ, ಫ್ರಿಜ್ಜಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಕೊನೆಗೆ ಬಾಗಿಲಾಚೆ ನಿಂತ ಸ್ಕೂಟರಿಗೆ ತೆಳ್ಳಗೆ ಮೂರು ಗೆರೆ. ದುಡಿಯುವ ವಸ್ತು ಬರಿಹಣೆಯಲ್ಲಿ ಇರಬಾರದು ಎಂಬುದು ಅವಳ ನಂಬಿಕೆ. ಲ್ಯಾಪ್‌ಟಾಪ್ ಬಂದ ಮೇಲೆ ಅದರ ಮುಚ್ಚಳಕ್ಕೂ ಮೂರು ಗೆರೆ ಬಿತ್ತು. ಸಿಂಚನಾ ಬಿಳಿ ಪುಡಿ ಎಂದದ್ದೇ ತಡ, ನಾನು ಅವ್ವನ ಮೇಲೆ ಹರಿಹಾಯ್ದೆ. ಎಲೆಕ್ಟ್ರಾನಿಕ್ ಉಪಕರಣ, ಬೂದಿ, ಮೂಢನಂಬಿಕೆ ಎಂದು ತರಗತಿಯ ಧಾಟಿಯಲ್ಲಿ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಹೆಂಡತಿ, ಮಗಳು ಇಬ್ಬರೂ ಇದ್ದರು. ಅವ್ವ ಎಲ್ಲ ಕೇಳಿ, "ಆತಪಾ, ಇನ್ ಹಚ್ಚಂಗಿಲ್ಲ" ಎಂದಳು, ಅಷ್ಟೇ.

ಮರುದಿನದಿಂದ ಅವ್ವ ಯಾವುದಕ್ಕೂ ಹಚ್ಚಲಿಲ್ಲ. ಟಿವಿಗೂ ಇಲ್ಲ, ಸ್ಕೂಟರಿಗೂ ಇಲ್ಲ. ಪೂಜೆ ಮುಗಿಸಿ ಕಿಟಕಿಯ ಪಕ್ಕ ಕೂತುಬಿಡುತ್ತಿದ್ದಳು. ಬೋಳು ಹಣೆಯ ಫ್ರಿಜ್ಜನ್ನು ನೋಡಿದರೆ ಯಾರದೋ ಮನೆಗೆ ಬಂದಂತೆ ಅನ್ನಿಸುತ್ತಿತ್ತು. ಮೂರನೆಯ ದಿನ ಬಟ್ಟೆಯ ಚೀಲ ತುಂಬಿಕೊಂಡು, "ಐತ್ವಾರ ದಾವಣಗೇರಿ ಬಸ್ ಹತ್ತಿಸಿಬಿಡು. ತಂಗಿ ಮನ್ಯಾಗ ಇರ್ತೀನಿ ಒಂದಿಷ್ಟು ದಿನ" ಎಂದಳು. ಒಂದಿಷ್ಟು ದಿನ ಎಂದರೆ ಎಷ್ಟೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಗಿರಿಜಾ ನನ್ನೊಡನೆ ಮಾತು ಬಿಟ್ಟಳು. ಇಷ್ಟಾದರೂ ಲ್ಯಾಪ್‌ಟಾಪ್ ಸರಿಹೋಯಿತೇ? ಈಗ ಎರಡನೆಯ ಸುತ್ತಿಗೇ ಆರತೊಡಗಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಅದನ್ನು ಮಾರೇನಹಳ್ಳಿಯ ರಿಪೇರಿ ಅಂಗಡಿಗೆ ಒಯ್ಯಲು ಹೊರಟೆ. ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ. ನನ್ ವಿಭೂತಿ ಅದರೊಳಗ ಏನ್ ಮಾಡೈತಿ ನೋಡೇ ಊರಿಗೆ ಹೋಗ್ತೀನಿ" ಎಂದಳು. ಲ್ಯಾಪ್‌ಟಾಪನ್ನು ಅವಳೇ ಮಡಿಲಲ್ಲಿ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. 

ಅಂಗಡಿಯ ಸಲೀಂ ಮೊದಲು ಟಿವಿ ರಿಪೇರಿ ಮಾಡುತ್ತಿದ್ದ, ನಮ್ಮ ಹಳೆಯ ಪರಿಚಯ. ಅವ್ವನಿಗೆ ಸ್ಟೂಲು ಕೊಟ್ಟು ಕೂರಿಸಿ, ಲ್ಯಾಪ್‌ಟಾಪನ್ನು ಬೋರಲು ಹಾಕಿ ತಿರುಪು ಬಿಚ್ಚಿದ. ಒಳಗೆ ಪುಟ್ಟ ಫ್ಯಾನು, ಅದರ ಮುಂದೆ ಶಾಖ ಹೊರಹೋಗಲು ತಾಮ್ರದ ತೆಳು ಪಟ್ಟಿಗಳು. ಪಟ್ಟಿಗಳ ಸಂದಿಯೆಲ್ಲ ಕಂಬಳಿ ಹೊದಿಸಿದಂತೆ ಬೆಳ್ಳಗೆ ಮುಚ್ಚಿಹೋಗಿತ್ತು. ಬೆರಳಲ್ಲಿ ಉಜ್ಜಿ ನೋಡಿ ಸಲೀಂ ಹೇಳಿದ: "ಸಾರ್, ಇದು ಬರೀ ಧೂಳಲ್ಲ. ವಿಭೂತಿ. ಗಾಳಿ ಆಡೋಕೆ ಜಾಗಾನೇ ಇಲ್ಲ. ಬಿಸಿ ತಡ್ಕೊಳ್ಳೋಕಾಗ್ದೆ ಅದೇ ಆಫ್ ಆಗ್ಬಿಡ್ತಾ ಇತ್ತು, ಪಾಪ."

ನಾನು ಅವ್ವನ ಕಡೆ ನೋಡದೆ, "ನಾನು ಮನೇಲೇ ಹೇಳಿದ್ದೆ, ನಮ್ಮವ್ವ ಮುಚ್ಚಳಕ್ಕೆ ಹಚ್ತಾ ಇದ್ರು" ಎಂದೆ.

"ಮುಚ್ಚಳದ್ದು ಒಳಗೆ ಬರೋಕೆ ದಾರಿ ಎಲ್ಲಿದೆ ಸಾರ್?" ಎಂದು ಅವನು ಲ್ಯಾಪ್‌ಟಾಪ್ ತಿರುಗಿಸಿ, ಕೀಬೋರ್ಡಿನ ಮೇಲ್ಗಡೆ ಇದ್ದ ಜಾಲರಿ ತೋರಿಸಿದ. "ಇಲ್ಲಿಂದ ಹೋಗಿರೋದು. ಫ್ಯಾನ್ ಗಾಳಿ ಎಳ್ಕೊಳ್ಳೋದೇ ಇಲ್ಲಿಂದ. ಯಾರೋ ದಿನಾ ಇಲ್ಲೇ ಹಚ್ತಾವ್ರೆ. ನೋಡಿ, ಬೆರಳಿನ ಗುರುತು ಹಂಗೇ ಇದೆ. ಒಳ್ಳೇ ದಪ್ಪ ಬೆರಳು."

ಈಗ ಒಪ್ಪಿಕೊಳ್ಳುತ್ತೇನೆ. ಆ ದಪ್ಪ ಬೆರಳು ನನ್ನದು. ಆಟ ಹಿಡಿದ ಹೊಸದರಲ್ಲೇ ಒಂದು ಸಂಜೆ ನನ್ನ ಕೆಂಪು ಕಾರು ಸತತ ಮೂರು ಸಲ ಗೋಡೆಗೆ ಗುದ್ದಿದ ಮೇಲೆ ನನಗೆ ಹೊಳೆದದ್ದು, ಗಾಡಿ ಓಡಿಸುವ ಮೊದಲು ಪೂಜೆಯೇ ಆಗಿಲ್ಲವಲ್ಲ ಎಂದು. ಪೂಜೆ ಎಂದರೆ ಗಾಡಿಯ ಮುಂಭಾಗಕ್ಕೆ, ರೇಡಿಯೇಟರ್ ಜಾಲರಿಯ ಮೇಲೆ ಮಾಡಬೇಕು. ಲ್ಯಾಪ್‌ಟಾಪಿನಲ್ಲಿ ಕಾರಿನಂತೆ ಜಾಲರಿ ಇದ್ದದ್ದು ಅದೊಂದೇ ಜಾಗ. ಯಾರೂ ಇಲ್ಲದಾಗ ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿಯನ್ನು ಒಣಬೆರಳಿಂದ ತಿಕ್ಕಿ ತಂದು, ಪ್ರತಿ ರೇಸಿಗೆ ಮುಂಚೆ ಮೂರು ಗೆರೆ ಎಳೆಯುತ್ತಿದ್ದೆ. ಸಿಂಚನಾ ಬಿಳಿ ಪುಡಿ ಎಂದಾಗ ಸಿಕ್ಕಿಬಿದ್ದೆನೆಂಬ ಗಾಬರಿಗೇ ಅವ್ವನ ಮೇಲೆ ಎಗರಿದ್ದು. ಅವ್ವ ಮುಚ್ಚಳಕ್ಕೆ ಹಚ್ಚುವುದನ್ನು ನಿಲ್ಲಿಸಿದ ಮೇಲೆ, ಇದ್ದ ರಕ್ಷೆಯೂ ಹೋಯಿತಲ್ಲ ಎಂದು ಹೆದರಿ, ಅವಳ ಪಾಲಿನದನ್ನೂ ಸೇರಿಸಿ ಆರು ಗೆರೆ ಎಳೆದೆ. ಎರಡನೆಯ ಸುತ್ತಿಗೇ ಆರಿದ್ದರ ಗುಟ್ಟು ಇದು.

ನನ್ನ ಬೆರಳುಗಳನ್ನು ಜೇಬಿಗೆ ಸೇರಿಸಿ ನಿಂತೆ. ಅವ್ವ ಒಮ್ಮೆ ಜಾಲರಿಯನ್ನು ನೋಡಿದಳು, ಒಮ್ಮೆ ನನ್ನ ಜೇಬನ್ನು ನೋಡಿದಳು. ಆಮೇಲೆ ತನ್ನ ಕಡ್ಡಿಯಂಥ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡು, "ನಾನೇ ಹಚ್ಚಿದ್ದಪಾ. ಮುದುಕಿ, ಗೊತ್ತಾಗ್ಲಿಲ್ಲ. ಒರೆಸಿ ಕೊಡು" ಎಂದಳು.

ಸಲೀಂ ಬ್ರಷ್ ಹಾಕಿ, ಬ್ಲೋವರಿನಿಂದ ಊದಿ, ಒಳಗೆ ಶಾಖ ದಾಟಿಸುವ ಹೊಸ ಪೇಸ್ಟ್ ಬಳಿದು ಅರ್ಧ ಗಂಟೆಯಲ್ಲಿ ಮುಗಿಸಿದ. ಆ ಅರ್ಧ ಗಂಟೆ ನಾನು ತಲೆ ಎತ್ತಲಿಲ್ಲ. ಹೊರಗೆ ಬಂದು ಸ್ಕೂಟರ್ ಹತ್ತುವ ಮುಂಚೆ, "ಅವ್ವಾ, ಅದು ನಾನು..." ಎಂದು ಶುರುಮಾಡಿದೆ.

"ಗೊತ್ತೈತಿ ಬಿಡಪಾ" ಎಂದಳು. "ಯುಗಾದಿಗೆ ತಂದ ಗಟ್ಟಿ ದೀಪಾವಳಿ ತನಕ ಬರ್ತಿತ್ತು. ಈ ಸಲ ಕಾರಹುಣ್ಣಿಮಿಗೇ ಸವದೈತಿ. ಮಗನಿಗೆ ತಡಾ ಆದ್ರೂ ಭಕ್ತಿ ಬಂತು ಅಂತ ಖುಷಿಪಟ್ಟಿದ್ದೆ. ನಾಚ್ಕೊಂತಾನ ಅಂತ ಯಾರ ಮುಂದೂ ಹೇಳಿರ್ಲಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ರಸ್ತೆಯಲ್ಲಿ ಅಳುವ ಮೇಷ್ಟ್ರು ಶಿಷ್ಯರ ಕಣ್ಣಿಗೆ ಬಿದ್ದರೆ ಕಷ್ಟವೆಂದು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಮನೆಗೆ ಬಂದವನೇ ಗಿರಿಜಾ, ಸಿಂಚನಾ ಇಬ್ಬರನ್ನೂ ಕೂರಿಸಿ, ಹತ್ತು ನಿಮಿಷದ ಆ ಉಪನ್ಯಾಸವನ್ನು ಪೂರ್ತಿ ವಾಪಸು ತೆಗೆದುಕೊಂಡೆ. ಗಿರಿಜಾ ಅಷ್ಟು ದಿನದ ಮೇಲೆ ಬಾಯಿಬಿಟ್ಟು, "ಚಿತ್ರಾನ್ನದ ದರ್ಭೆ ನಿಮ್ಮ ಪ್ಯಾಂಟ್ ಜೇಬಲ್ಲಿ ಸಿಕ್ಕಾಗ್ಲೇ ನಂಗೆ ಅನುಮಾನ ಇತ್ತು" ಎಂದಳು. ಅವ್ವ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿಟ್ಟಳು. ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದಂತಾಯಿತು.

ಭಾನುವಾರ ಬೆಳಗ್ಗೆ ಟಿವಿಗೆ, ಫ್ರಿಜ್ಜಿಗೆ, ಸ್ಕೂಟರಿಗೆ ಮತ್ತೆ ಮೂರು ಗೆರೆ ಬಿದ್ದವು. ಲ್ಯಾಪ್‌ಟಾಪಿನ ಮುಂದೆ ಬಂದಾಗ ಅವ್ವ ಸ್ವಲ್ಪ ಹೊತ್ತು ಯೋಚಿಸಿ, ಬೆರಳನ್ನು ನನ್ನ ಹಣೆಗೆ ಎಳೆದಳು. "ಮಿಷನ್ನು ನೆಟ್ಟಗೇ ಐತಿ. ಓಡ್ಸೋನಿಗೆ ಬೇಕು" ಎಂದಳು. ಆ ವಿಭೂತಿ ಹೊತ್ತೇ ರೇಸಿಗೆ ಕೂತೆ. ಹೆಂಡತಿ, ಮಗಳು, ಅವ್ವ ಮೂವರೂ ಹಿಂದೆ ನಿಂತರು. ಎರಡನೇ ಸುತ್ತು ಕಳೆಯಿತು, ನಾಲ್ಕನೆಯದೂ ಕಳೆಯಿತು, ಲ್ಯಾಪ್‌ಟಾಪ್ ತಣ್ಣಗೆ ಓಡುತ್ತಲೇ ಇತ್ತು. ಜೀವಮಾನದಲ್ಲಿ ಮೊದಲ ಸಲ ರೇಸ್ ಪೂರ್ತಿ ಮುಗಿಯಿತು. ಪರದೆಯ ಮೇಲೆ ಫಲಿತಾಂಶ ಬಂತು: ಎಂಟು ಕಾರುಗಳಲ್ಲಿ ನನ್ನದು ಎಂಟನೆಯದು. ನನ್ನ ಮಾನ ಕಾಪಾಡಲು ಆ ಬಡಪಾಯಿ ಯಂತ್ರ ಎಷ್ಟು ಸಲ ಪ್ರಾಣ ಬಿಟ್ಟಿತ್ತೆಂದು ನನಗೆ ಆಗ ಅರ್ಥವಾಯಿತು.

"ಬಿಡ್ರೇ, ಓಡಿ ಮುಗಿಸಿದ್ನಲ್ಲ" ಎಂದು ಅವ್ವ ನನ್ನ ಪರ ವಹಿಸಿದಳು. ಎಲ್ಲರೂ ಒಳಗೆ ಹೋದ ಮೇಲೆ ನಾನು ಮೆಲ್ಲಗೆ ಎದ್ದು ದೇವರ ಕೋಣೆಗೆ ಹೋದೆ. ಬೆಳಗ್ಗೆ ವಿಭೂತಿ ಗಟ್ಟಿ ಇದ್ದ ಬಟ್ಟಲು ಈಗ ಖಾಲಿಯಿತ್ತು. ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡು.