ಕಳೆಯುವ ಲೆಕ್ಕಕ್ಕೆ ಹನ್ನೊಂದು ಗೇಮು

೧. ಇಲ್ಲದ ಕಾಲಂ

ನವಿ ಮುಂಬಯಿಯ ನೆರೂಳಿನ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಮಗ, ಸೊಸೆ, ನಾನು ಹೋದೆವು. ಮೂರನೇ ಕ್ಲಾಸಿನ ಒಂದು ಹುಡುಗಿಗೆ ಮೂರು ಜನ. ಗಣಿತದ ಟೀಚರ್ ಮೊಮ್ಮಗಳ ಪೇಪರ್ ಎತ್ತಿ ತೋರಿಸಿದರು. ಕಳೆಯುವ ಲೆಕ್ಕ ಇಪ್ಪತ್ತರಲ್ಲಿ ಏಳು ಸರಿ. ಹತ್ತರ ಸ್ಥಾನದಿಂದ ಕಡ ತೆಗೆಯಬೇಕಾದಲ್ಲೆಲ್ಲ ತಪ್ಪು.

"ತಿಂಗಳ ಕೊನೆಗೆ ಮತ್ತೆ ಟೆಸ್ಟ್. ಹತ್ತಕ್ಕಿಂತ ಕಡಿಮೆ ಬಂದರೆ ರೆಮಿಡಿಯಲ್ ಕ್ಲಾಸ್. ಗುರುವಾರ ನಾಲ್ಕನೇ ಪೀರಿಯಡ್" ಎಂದರು.

ಗುರುವಾರ ನಾಲ್ಕನೇ ಪೀರಿಯಡ್ ಚಿತ್ರಕಲೆ. ಹುಡುಗಿ ಇಡೀ ವಾರ ಶಾಲೆಗೆ ಹೋಗುವುದೇ ಆ ಒಂದು ಪೀರಿಯಡ್‌ಗಾಗಿ. ಪಕ್ಕದಲ್ಲೇ ಕೂತಿದ್ದ ಅವಳ ಮುಖ ನೋಡಲಾಗಲಿಲ್ಲ.

"ಮನೆಯಲ್ಲಿ ಒಳ್ಳೆಯ ಮ್ಯಾಥ್ಸ್ ಗೇಮ್ ಆಡಿಸಿ. ಆನ್‌ಲೈನ್ ಬೇಕಾದಷ್ಟಿವೆ."

"ಯಾವುದು ಮೇಡಂ?" ಎಂದ ಮಗ.

"ಯಾವುದಾದರೂ ಒಳ್ಳೆಯದು."

ಇಷ್ಟು ಸ್ಪಷ್ಟ ಸಲಹೆ ಸಿಕ್ಕ ಮೇಲೆ ಮಗ ಸುಮ್ಮನಿರುತ್ತಾನೆಯೇ? ರಾತ್ರಿಯೊಳಗೆ ಕಂಪ್ಯೂಟರಿನಲ್ಲಿ ದೊಡ್ಡ ಪಟ್ಟಿ ಮಾಡಿದ. ಹನ್ನೊಂದು ಗೇಮು. ಚಿತ್ರಕ್ಕೊಂದು ಕಾಲಂ, ಸಂಗೀತಕ್ಕೊಂದು, ಜನ ಕೊಟ್ಟ ನಕ್ಷತ್ರಗಳಿಗೊಂದು, ಅಮೆರಿಕದಲ್ಲಿ ಆಡುತ್ತಾರೋ ಇಲ್ಲವೋ ಎಂಬುದಕ್ಕೊಂದು.

"ಸೈಂಟಿಫಿಕ್ ಆಗಿ ಮಾಡ್ಬೇಕು ಅಪ್ಪ."

"ಕಳೆಯುವ ಲೆಕ್ಕ ಯಾವುದರಲ್ಲಿ ಉಂಟು?" ಎಂದೆ.

ಸ್ವಲ್ಪ ಹೊತ್ತು ಪಟ್ಟಿ ನೋಡಿದ. "ಆ ಕಾಲಂ ಹಾಕ್ಲಿಲ್ಲ."

೨. ಮನೆಗೆ ಬಣ್ಣ

ಪಟ್ಟಿಯಲ್ಲಿ ಮೊದಲು ಬಂದ ಗೇಮು ಹೀಗೆ: ಲೆಕ್ಕ ಬಿಡಿಸಿದರೆ ನಕ್ಷತ್ರ ಸಿಗುತ್ತದೆ, ನಕ್ಷತ್ರ ಕೊಟ್ಟು ಒಂದು ಮನೆಯನ್ನು ಅಲಂಕರಿಸಬಹುದು. ಹೊಸದಾಗಿ ಸೇರಿದವರಿಗೆ ಐನೂರು ನಕ್ಷತ್ರ ಧರ್ಮಕ್ಕೆ.

ಹುಡುಗಿ ನಲವತ್ತು ನಿಮಿಷ ತಲೆ ಎತ್ತಲಿಲ್ಲ. ಅವಳ ಏಕಾಗ್ರತೆ ಕಂಡು ಸೊಸೆ ಮಿಕ್ಸಿ ನಿಲ್ಲಿಸಿದಳು. ಟಿವಿಯ ಧ್ವನಿ ತಗ್ಗಿಸಬೇಕೆಂದು ನನಗೂ ಆಜ್ಞೆಯಾಯಿತು. ಕೊನೆಗೆ ಇಣುಕಿ ನೋಡಿದೆ. ನೇರಳೆ ಗೋಡೆ, ಹಳದಿ ಕಿಟಕಿ, ಮಾಡಿನ ಮೇಲೆ ಒಂದು ನವಿಲು. ಮನೆ ನಿಜಕ್ಕೂ ಚೆನ್ನಾಗಿತ್ತು. ಬಿಡಿಸಿದ ಲೆಕ್ಕ ಸೊನ್ನೆ.

ಸಂಜೆ ಸೊಸೆಯ ಫೋನಿಗೆ ಗೇಮಿನವರ ವರದಿ ಬಂತು: "ನಿಮ್ಮ ಮಗು ಇಂದು ನಲವತ್ತು ನಿಮಿಷ ಗಣಿತದಲ್ಲಿ ಮುಳುಗಿತ್ತು. ಅಭಿನಂದನೆಗಳು!"

೩. ಹಾರ್ಬರ್ ಲೈನಿನ ಮೇಧಾವಿ

ಎರಡನೆಯ ಗೇಮು ಒಂದು ದಿನ ಬಿಟ್ಟರೂ ಮುನಿಸಿಕೊಳ್ಳುವ ಜಾತಿ. ಆಡದಿದ್ದರೆ ಅಂಕ ಇಳಿಯುತ್ತದೆ. ಮಗಳ ಅಂಕ ಇಳಿಯುವುದನ್ನು ತಂದೆಯಾದವನು ನೋಡಲಾರ. ಹಾಗಾಗಿ ನನ್ನ ಮಗ ನೆರೂಳಿನಿಂದ ಆಫೀಸಿಗೆ ಹೋಗುವ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಮಗಳ ಹೆಸರಿನಲ್ಲಿ ಆಡಿದ. ಐದು ದಿನ.

ಆಡುವವರ ಬುದ್ಧಿ ನೋಡಿ ಲೆಕ್ಕ ಕಠಿಣ ಮಾಡುವುದು ಆ ಗೇಮಿನ ಹೆಗ್ಗಳಿಕೆ. ಶನಿವಾರ ಹುಡುಗಿ ತೆರೆದು ನೋಡುತ್ತಾಳೆ, ಶೇಕಡಾವಾರು ಬಡ್ಡಿ!

"ಅಜ್ಜ, ಯೇ ಕ್ಯಾ ಹೈ? ಇದೆಂತದ್ದು?" ಎಂದು ಅತ್ತಳು.

ಅದೇ ಹೊತ್ತಿಗೆ ಸೊಸೆಯ ಫೋನಿಗೆ ಸಂದೇಶ: "ನಿಮ್ಮ ಮಗು ತನ್ನ ವಯಸ್ಸಿಗಿಂತ ನಾಲ್ಕು ತರಗತಿ ಮುಂದಿದೆ." ಗಂಡನನ್ನು ಒಂದು ಮಾತು ಕೇಳದೆ ಅವಳು ಅದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಳು. ಕಲ್ಯಾಣದಿಂದ, ಠಾಣೆಯಿಂದ, ಉಡುಪಿಯಿಂದ ಚಪ್ಪಾಳೆ ಬಂದವು. ಡೊಂಬಿವಲಿಯ ಚಿಕ್ಕಮ್ಮ, "ಬೆಳಿಗ್ಗೆ ಎಷ್ಟು ಬಾದಾಮಿ ಕೊಡ್ತೀರಿ?" ಎಂದು ಕೇಳಿದರು.

ಮಗ ಕೈಮುಗಿಯುವ ಚಿತ್ರ ಹಾಕಿದ. ಮೂವತ್ತೆಂಟು ವರ್ಷದ ಬಿ.ಕಾಂ. ಪದವೀಧರನೊಬ್ಬ ಏಳನೇ ಕ್ಲಾಸಿನ ಮಟ್ಟಕ್ಕೆ ಬಂದಿದ್ದಾನೆಂದು ಯಾರ ಹತ್ತಿರ ಹೇಳಿಕೊಳ್ಳುವುದು?

೪. ಕಲ್ಯಾಣದ ಲಕ್ಷಾಧೀಶೆ

ಆ ಚಪ್ಪಾಳೆ ನನ್ನ ಹೆಂಡತಿಯ ತಮ್ಮನಿಗೆ ತಾಗಿತು. ಕಲ್ಯಾಣದಲ್ಲಿ ಅವನದೊಂದು ಹೋಟೆಲು. ಅವನಿಗೂ ಮೂರನೇ ಕ್ಲಾಸಿನ ಮೊಮ್ಮಗಳಿದ್ದಾಳೆ. ಭಾನುವಾರ ಅವಳನ್ನೂ ಟ್ಯಾಬನ್ನೂ ಕರಕೊಂಡು ಬಂದ.

"ನಿಮ್ಮ ಗೇಮ್ ಎಲ್ಲ ಎಂತದ್ದು ಭಾವ? ಇದು ನೋಡಿ. ನಮ್ಮ ಹುಡುಗಿಗೆ ಒಂದು ಲಕ್ಷ ಪಾಯಿಂಟ್ ಉಂಟು. ಲಕ್ಷ!"

ನಾನು ಅವನ ಮೊಮ್ಮಗಳನ್ನು ಹತ್ತಿರ ಕರೆದು ಕೇಳಿದೆ. "ಹದಿಮೂರರಲ್ಲಿ ಎಂಟು ಹೋದರೆ ಎಷ್ಟು?"

ಅವಳು ನಾಲ್ಕು ದಿಕ್ಕಿಗೂ ನೋಡಿದಳು. ಆಮೇಲೆ ವಿನಯದಿಂದ ಕೇಳಿದಳು. "ಆಪ್ಶನ್ಸ್ ಕ್ಯಾ ಹೈ? ಎ, ಬಿ, ಸಿ?"

ಭಾವಮೈದುನ ತೊಡೆ ತಟ್ಟಿದ. "ಕಂಡಿರಾ? ಸುಮ್ಮನೆ ಬಾಯಿಗೆ ಬಂದ ಉತ್ತರ ಕೊಡುವವಳಲ್ಲ!"

೫. ಏಳು ವರ್ಷದ ನಾನು

ಪಟ್ಟಿಯಲ್ಲಿದ್ದ ಐದನೇ ಗೇಮಿನವರು ಮನೆಗೇ ಬಂದು ತೋರಿಸುತ್ತಾರಂತೆ. ಟೈ ಕಟ್ಟಿಕೊಂಡವನೊಬ್ಬ ಬಂದ. ಹುಡುಗಿ ಶಾಲೆಯಿಂದ ಬಂದಿರಲಿಲ್ಲ. ಅವನಿಗೆ ಇನ್ನೊಂದು ಕಡೆ, ಕೋಪರಖೈರಣೆಗೆ ಹೋಗಬೇಕಿತ್ತು.

"ಅಂಕಲ್, ನೀವೇ ಕೂತುಕೊಳ್ಳಿ. ಡೆಮೊ ತಾನೆ?"

ಗೇಮಿನ ಪ್ರಕಾರ ಮನುಷ್ಯನ ವಯಸ್ಸು ಹನ್ನೆರಡಕ್ಕೆ ಮುಗಿಯುತ್ತದೆ. ನನಗೆ ಎಪ್ಪತ್ತೊಂದು. ಅವನು ಏಳು ಒತ್ತಿದ.

ನಾನು ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಹೆರೆಯುವ ಲೇಥ್ ನಡೆಸಿದವನು. ಅಲ್ಲಿ ಕಳೆದದ್ದು ಹೆಚ್ಚಾದರೆ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಮಾಡಿದೆ. ಪ್ರತಿ ಉತ್ತರಕ್ಕೂ ಬಲೂನು ಹಾರಿ, "ಶಾಬಾಶ್ ಚಾಂಪಿಯನ್!" ಎಂದು ಗೇಮಿನೊಳಗಿಂದ ಒಬ್ಬ ಹೆಂಗಸು ಕೂಗಿದಳು. ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು.

ಕೊನೆಗೆ ವರದಿ. ಅವನು ಗಟ್ಟಿಯಾಗಿ ಓದಿದ. "ಉತ್ತರಗಳು ಸರಿಯಾಗಿವೆ. ಆದರೆ ಒಂದು ಬಲೂನನ್ನೂ ಮುಟ್ಟಿ ಒಡೆದಿಲ್ಲ. ಮಗು ಸಂತೋಷ ತೋರಿಸಲು ಹಿಂಜರಿಯುತ್ತದೆ. ಮನೆಯವರು ಪ್ರೀತಿಯಿಂದ ಮಾತಾಡಿಸಬೇಕು."

"ನಲವತ್ತೈದು ವರ್ಷದಿಂದ ಮಾತಾಡಿಸಿ ನೋಡಿದ್ದೇನೆ ಮಾರಾಯ" ಎಂದಳು ಹೆಂಡತಿ. "ಬೇರೆ ಗೇಮ್ ಇದ್ದರೆ ತೋರಿಸು."

೬. ಹದಿನಾಲ್ಕು

ಟೆಸ್ಟಿಗೆ ಒಂದು ವಾರ ಉಳಿಯಿತು. ಮಗ ಏಳನೇ ಗೇಮಿನಲ್ಲಿದ್ದ. ಸೊಸೆಗೆ ಸಾಕಾಯಿತು. "ಇನ್ನು ದಿನಕ್ಕೆ ನಲವತ್ತೈದೇ ನಿಮಿಷ. ಮ್ಯಾಥ್ಸ್, ಕಾರ್ಟೂನ್, ಡ್ರಾಯಿಂಗ್ ವಿಡಿಯೊ, ಎಲ್ಲ ಸೇರಿ" ಎಂದು ಕಾನೂನು ಮಾಡಿದಳು.

ಹುಡುಗಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಬರೆಯತೊಡಗಿದಳು. ನೋಡಿದ ನಿಮಿಷ, ಉಳಿದ ನಿಮಿಷ.

"ಹದಿನೆಂಟು ನಿಮಿಷ ಆಯ್ತು. ಇನ್ನು ಇಪ್ಪತ್ತೈದು" ಎಂದಳು ಸೊಸೆ, ಅಡಿಗೆಮನೆಯಿಂದ.

"ಸತ್ತಾಯೀಸ್, ಅಮ್ಮ! ಇಪ್ಪತ್ತೇಳು! ಎರಡು ನಿಮಿಷ ಕದಿಬೇಡ!"

ಹಾಳೆ ನೋಡಿದೆ. ಹತ್ತರ ಸ್ಥಾನದಿಂದ ಕಡ ತೆಗೆದು, ತೆಗೆದ ಕಡೆ ನಾಲ್ಕನ್ನು ಹೊಡೆದು ಹಾಕಿ, ಬದಲಿಗೆ ಮೂರು ಬರೆದಿದ್ದಳು. ಐದು ದಿನದಲ್ಲಿ ಒಂದು ನಿಮಿಷ ಆಚೀಚೆ ಆಗಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಮಗ ಎಂಟನೇ ಗೇಮಿನ ಸಂಗೀತಕ್ಕೆ ಅಂಕ ಕೊಡುತ್ತಿದ್ದ.

ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು.

ಮತ್ತೆ ಮೂವರೂ ಹೋದೆವು. ಟೀಚರಿಗೆ ಖುಷಿಯೋ ಖುಷಿ. "ಯಾವ ಗೇಮ್?" ಎಂದರು. ಮಗ ಪಟ್ಟಿ ತೆರೆದು ವಿವರಿಸತೊಡಗಿದ.

"ಹದಿನೆಂಟು, ಅದರ ಮೇಲೆ ಬಂದವರನ್ನು ಮ್ಯಾಥ್ಸ್ ಒಲಿಂಪಿಯಾಡ್ ಕ್ಲಾಸಿಗೆ ಹಾಕ್ತೇವೆ" ಎಂದು ಅವನನ್ನು ತಡೆದರು ಟೀಚರ್. "ಪ್ರತಿ ತಿಂಗಳ ಟೆಸ್ಟ್ ನೋಡಿ ಮುಂದುವರಿಸೋದು."

"ಕ್ಲಾಸ್ ಯಾವಾಗ?" ಎಂದೆ.

"ಗುರುವಾರ ನಾಲ್ಕನೇ ಪೀರಿಯಡ್."

ಮಗ, ಸೊಸೆ ಮೂರು ಮೂರು ಸಲ ಥ್ಯಾಂಕ್ಸ್ ಹೇಳಿದರು. ದಾರಿಯಲ್ಲಿ ಪೇಡೆ ಕೊಂಡರು. ರಿಕ್ಷಾದಲ್ಲಿ ಹುಡುಗಿ ಪೇಡೆ ಮುಟ್ಟಲಿಲ್ಲ. ಮನೆ ಹತ್ತಿರ ಬಂದಾಗ ನನ್ನ ಕಿವಿಯಲ್ಲಿ ಕೇಳಿದಳು.

"ಅಜ್ಜ, ಹತ್ತಕ್ಕಿಂತ ಕಮ್ಮಿ ಆದ್ರೆ ರೆಮಿಡಿಯಲ್?"

"ಹೌದು."

"ಹದಿನೆಂಟು ಆದ್ರೆ ಒಲಿಂಪಿಯಾಡ್?"

"ಹೌದು."

"ಬೀಚ್ ಮೇಂ? ನಡುವೆ?"

"ನಡುವೆ ಏನಿಲ್ಲ."

ಪೇಡೆ ತಿಂದಳು.

ಮುಂದಿನ ತಿಂಗಳ ಟೆಸ್ಟಿನಲ್ಲಿ ಹದಿನಾಲ್ಕು ಸರಿ. ತಪ್ಪು ಮಾಡಿದ್ದು ಕೊನೆಯ ಆರು, ಸಾಲಾಗಿ. ಆ ಗುರುವಾರದಿಂದ ನಾಲ್ಕನೇ ಪೀರಿಯಡ್‌ಗೆ ಅವಳು ಮತ್ತೆ ಚಿತ್ರಕಲೆಗೆ ಹೋಗತೊಡಗಿದಳು.