ಕರಿ ಬೀರಿನ ಮೇಜಿಗೆ ನಮ್ಮದೊಂದು ಸ್ಟೂಲು

ದುಡಿಯುವವನ ನಾಲಗೆಗೆ ಎರಡು ಕೆಲಸ. ರುಚಿ ನೋಡುವುದು, ಎದುರು ಮಾತಾಡುವುದು. ನನ್ನದು ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತದೆ. ಅದಕ್ಕೇ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆ. ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಬೀರು ಕಾರ್ಖಾನೆಯಲ್ಲಿ ನಾನು ಪೀಪಾಯಿ ಷೆಡ್ಡಿನ ಕೆಲಸಗಾರ, ಜೊತೆಗೆ ಯೂನಿಯನ್ ಮುಂದಾಳು. ಮಾಲೀಕರಿಗೆ ಒಂದು ಹೊಸ ಹುಚ್ಚು ಹಿಡಿಯಿತು. ಡಿಕಾಕ್ಷನ್ನಿನಷ್ಟು ಕಪ್ಪಗಿನ ಸ್ಟ್ರಾಂಗ್ ಬೀರಿಗೆ ಚಕ್ಕೆ, ಲವಂಗ, ಶುಂಠಿ ಹಾಕಿ, ರಮ್ಮು ಕುಡಿದು ಹಳತಾದ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗಿಸಿ, ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಮಾರುವುದು. ಹೋಟೆಲಿನವರು ಒಪ್ಪಿದರೆ ಮಾಲೀಕರಿಗೆ ಹೆಸರು. ಒಪ್ಪದಿದ್ದರೆ ಪೀಪಾಯಿ ಷೆಡ್ಡು ಬಂದ್, ನಾವೆಲ್ಲ ಮನೆಗೆ. ಇದನ್ನು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು.

೧. ಸ್ಟೂಲು

ಶುಕ್ರವಾರ ಬೆಳಿಗ್ಗೆ ರುಚಿ ಪರೀಕ್ಷೆ. ಮೇಜಿನ ಸುತ್ತ ಮ್ಯಾನೇಜರು, ಕೆಮಿಸ್ಟು, ಬೆಂಗಳೂರಿನಿಂದ ಕಾರಿನಲ್ಲಿ ಬರುವ ರುಚಿ ತಜ್ಞರು. ಅವರು ಮೂಗು ಮುರಿದರೆ ಅನ್ನ ಹೋಗುವುದು ನಮ್ಮದು. ನಾನು ಹೋಗಿ ಕೇಳಿದೆ, "ಆ ಮೇಜಿನ ಹತ್ತಿರ ನಮ್ಮದೂ ಒಂದು ನಾಲಗೆ ಇರಬೇಕು."

"ನೀನು ಎಷ್ಟು ಓದಿದೀಯ?" ಅಂದರು ಮ್ಯಾನೇಜರು.

"ಏಳನೇ ಕ್ಲಾಸು. ಆದ್ರೆ ನಾಲಗೆಯನ್ನ ಸ್ಕೂಲಿಗೆ ಸೇರಿಸಿರಲಿಲ್ಲ ಸಾರ್."

ಆಗಲ್ಲ ಅಂದರು. ನಾವು ಷೆಡ್ಡಿನವರೆಲ್ಲ ಆ ಕೋಣೆಯ ಬಾಗಿಲಿಗೆ ಅಡ್ಡ ಕೂತೆವು. ತಜ್ಞರು ನಮ್ಮನ್ನು ದಾಟಿ ಒಳಗೆ ಹೋಗಲಾರದೆ ಕಾರಿನಲ್ಲೇ ಕೂತು ವಾಪಸ್ ಹೋದರು. ಮರುವಾರ ಮ್ಯಾನೇಜರು ಸೋತು, ಸೋತಿದ್ದನ್ನು ತೋರಿಸಿಕೊಳ್ಳದೆ, "ಕುರ್ಚಿ ಖಾಲಿ ಇಲ್ಲ, ಬೇಕಾದ್ರೆ ಸ್ಟೂಲ್ ಹಾಕ್ಕೊಂಡು ಕೂತ್ಕೋ" ಅಂದರು. ಲ್ಯಾಬಿನ ಉದ್ದನೆಯ ಸ್ಟೂಲು ಅದು. ಅಂದಿನಿಂದ ಮ್ಯಾನೇಜರು ನನ್ನ ಜೊತೆ ಮಾತಾಡಬೇಕಾದರೆ ಕತ್ತೆತ್ತಿ ನೋಡಬೇಕಾಯಿತು.

೨. ಉಗುಳು

ತಜ್ಞರು ಗ್ಲಾಸನ್ನು ತಿರುಗಿಸುತ್ತಿದ್ದರು, ಮೂಸುತ್ತಿದ್ದರು, ಒಂದು ಗುಟುಕು ಬಾಯಲ್ಲಿ ಆಡಿಸಿ ಪಕ್ಕದ ಬಕೆಟ್ಟಿಗೆ ಉಗುಳುತ್ತಿದ್ದರು. ನನಗೆ ಮೈ ಉರಿಯಿತು. ನಮ್ಮ ಕಡೆ ಬಡಿಸಿದ್ದನ್ನು ಉಗುಳಿದರೆ ಮಾಡಿದವರ ಮುಖಕ್ಕೇ ಉಗುಳಿದಂತೆ.

"ಕಾರ್ಮಿಕರ ಬೆವರನ್ನ ನಾನು ಉಗುಳಲ್ಲ," ಅಂತ ಘೋಷಿಸಿ ಪ್ರತಿ ಗ್ಲಾಸನ್ನೂ ತಳ ಕಾಣುವಂತೆ ಕುಡಿದೆ.

ಮೊದಲಿನ ಪೀಪಾಯಿಗೆ ಹುಳಿ ಜಾಸ್ತಿ ಅಂದೆ. ಆಮೇಲಿನದಕ್ಕೆ ಪರವಾಗಿಲ್ಲ ಅಂದೆ. ಅದರಾಚೆ ಎಲ್ಲವೂ ಅಮೃತ. ಕೊನೆಕೊನೆಗೆ ಮ್ಯಾನೇಜರ ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ನಿನ್ನಂಥ ಮನುಷ್ಯನ್ನ ನಾವು ಅರ್ಥ ಮಾಡ್ಕೊಂಡೇ ಇಲ್ಲ ಕಣಣ್ಣಾ" ಅಂದೆನಂತೆ. ಬಟವಾಡಿಯಲ್ಲಿದ್ದ ನನ್ನ ಮನೆಗೆ ನನ್ನನ್ನು ಆಟೋದಲ್ಲಿ ಸಾಗಿಸಿದವರೂ ಅವರೇ.

ಮಾರನೇ ದಿನ ಯೂನಿಯನ್ನಿನವರು ವಿವರಣೆ ಕೇಳಿದರು. ಮುಂದಿನ ಶುಕ್ರವಾರದಿಂದ ನಾನೂ ಬಕೆಟ್ಟಿಗೆ ಉಗುಳಿದೆ. ಬೀರಿನ ಜೊತೆಗೆ ಮ್ಯಾನೇಜರ ಮೇಲಿನ ಪ್ರೀತಿಯೂ ಹೊರಟುಹೋಯಿತು.

೩. ಗುಬ್ಬಿಯ ನಾಲಗೆ

ಬೆಂಗಳೂರಿನವರ ನಾಲಗೆ ಮಾತ್ರ ನಾಲಗೆಯೇ ಅಂತ ಜಗಳ ತೆಗೆದು, ನಮ್ಮ ಬೀರಿನ ನಾಲ್ಕು ಬಾಟಲು ತೆಗೆದುಕೊಂಡು ಗುಬ್ಬಿಯ ಬಾರಿಗೆ ಹೋದೆ. ತಜ್ಞರೂ ಕುತೂಹಲಕ್ಕೆ ಬಂದರು. ಕಡ್ಲೆಬೀಜ ಮುಂದಿಟ್ಟುಕೊಂಡಿದ್ದ ಒಬ್ಬ ಹಳೇ ಬಸ್ ಕಂಡಕ್ಟರಿಗೆ ಗ್ಲಾಸು ಕೊಟ್ಟೆವು. ಅವನು ಒಂದು ಗುಟುಕು ಕುಡಿದು ನನ್ನನ್ನೇ ದುರುಗುಟ್ಟಿ ನೋಡಿದ.

"ಏನ್ಲಾ ಇದು, ನಮ್ಮವ್ವ ಬಾಣಂತಿಗೆ ಕಾಸ್ತಿದ್ದ ಕಷಾಯ ಇದ್ದಂಗದೆ."

ತಜ್ಞರು ಖುಷಿಯಾಗಿ, "ಹಾಗಾದ್ರೆ ಇಷ್ಟ ಆಯ್ತು ಅನ್ನಿ," ಅಂದರು.

"ಕಷಾಯ ಯಾರ್ಗ್ ಸಾಮಿ ಇಷ್ಟ ಆಯ್ತದೆ? ಮೂಗು ಮುಚ್ಕಂಡು ಕುಡಿಯಾದು," ಅಂದು ಖಾಲಿ ಗ್ಲಾಸು ಮುಂದೆ ತಳ್ಳಿದ. "ಇನ್ನೊಂದ್ ಹುಯ್ಯಿ. ಶೀತ ಪೂರ್ತಿ ಬುಡ್ಲಿ."

೪. ಕುಣಿಗಲ್ಲಿನ ಲವಂಗ

ಮಸಾಲೆ ಬರುತ್ತಿದ್ದುದು ಕುಣಿಗಲ್ಲಿನ ಒಬ್ಬ ಸಾಬರ ಅಂಗಡಿಯಿಂದ. ಒಂದು ಪೀಪಾಯಿ ಬಾಯಿ ಮರಗಟ್ಟುವಷ್ಟು ಖಾರವಾಯಿತು. ಕೆಮಿಸ್ಟು ಎಂದಿನಂತೆ ಷೆಡ್ಡಿನವರ ಮೇಲೆ ಹಾಕಿದ. ನಾನು ಅವನನ್ನು ಎಳೆದುಕೊಂಡು ಕುಣಿಗಲ್ಲಿಗೆ ಹೋಗಿ, "ಸಾಬ್ರೇ, ನಿಮ್ಮ ಲವಂಗ ಜೋರು ಅಂತ ಇವ್ರ ಮುಂದೆ ಹೇಳಿ," ಅಂದೆ.

ಸಾಬರು ನಿಧಾನವಾಗಿ ತಕ್ಕಡಿ ಕೆಳಗಿಟ್ಟರು. "ಇದೇ ಲವಂಗ ಮದುವೆ ಬಿರಿಯಾನಿಗೂ ಹೋಗ್ತದೆ. ಯಾರೂ ಬಂದು ಕೇಳಿಲ್ಲ. ಜೋರು ಅಂತ ನಿಮಗೆ ಗೊತ್ತಾಗಿದ್ದು ಯಾವಾಗ? ಕುಡಿಯೋ ಮುಂಚೇನಾ, ಕುಡಿದ ಮೇಲಾ?"

ನಾನೂ ಕೆಮಿಸ್ಟೂ ಮೊದಲ ಸಲ ಒಂದೇ ಪಕ್ಷದವರಾಗಿ ಬಸ್ ಹತ್ತಿದೆವು.

೫. ಪೀಪಾಯಿಗೂ ಪೂಜೆ

ಆಯುಧಪೂಜೆ ಬಂತು. ಹೊಸ ಬಾಟ್ಲಿಂಗ್ ಮೆಷಿನ್ನಿಗೆ ಬಾಳೆಕಂದು, ಹೂವಿನ ಹಾರ, ಕುಂಬಳಕಾಯಿ. ಪೀಪಾಯಿ ಷೆಡ್ಡಿಗೆ ಒಂದು ಊದುಬತ್ತಿಯೂ ಇಲ್ಲ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ತಾರತಮ್ಯ ಮಾತ್ರ ದೇವರ ಪೂಜೆಯಲ್ಲಾದರೂ ಸಹಿಸುವುದಿಲ್ಲ. "ಪೀಪಾಯಿಗೂ ಪೂಜೆ ಆಗೋವರ್ಗೂ ಕುಂಬಳಕಾಯಿ ಒಡೆಯಕ್ಕೆ ಬಿಡಲ್ಲ," ಅಂತ ಅಡ್ಡ ನಿಂತೆ.

ಗೂಳೂರಿನಿಂದ ಬಂದಿದ್ದ ಪೂಜಾರಪ್ಪನವರು ಗೊಣಗುತ್ತಲೇ ಷೆಡ್ಡಿಗೆ ಬಂದು, ಮೊದಲ ಪೀಪಾಯಿಗೆ ಅರಿಶಿನ ಕುಂಕುಮ ಹಚ್ಚಿ ಹೊರಗಿನಿಂದ ನಾಲ್ಕು ಹನಿ ತೀರ್ಥ ಚಿಮುಕಿಸಿದರು.

"ಮೆಷಿನ್ನಿಗೆ ಒಳಗೂ ಹೊರಗೂ ಹಾಕಿದ್ರಿ. ನಮಗೆ ಹೊರಗಡೆ ಮಾತ್ರಾನಾ?" ಅಂದು ನಾನೇ ಪೀಪಾಯಿಯ ಬಿರಡೆ ಕಿತ್ತೆ.

ಪೂಜಾರಪ್ಪನವರಿಗೂ ರೇಗಿತು. "ತಗೋ, ತೃಪ್ತಿಯಾಗ್ಲಿ," ಅಂತ ಪಚ್ಚಕರ್ಪೂರ, ಏಲಕ್ಕಿ, ತುಳಸಿ ಬೆರೆತ ತೀರ್ಥದ ಚೊಂಬನ್ನೇ ಪೀಪಾಯಿಯೊಳಗೆ ಬೋರಲು ಹಾಕಿದರು. ನಾನು ಬಿರಡೆ ಜಡಿದು ಬಾಯಿ ಮುಚ್ಚಿಕೊಂಡೆ.

ಕೆಲವು ವಾರಗಳಾದ ಮೇಲೆ ಹೋಟೆಲಿನವರು ಬಂದರು. ಒಂದೊಂದೇ ಪೀಪಾಯಿಯ ಬೀರು ಕುಡಿದು ಬೇಡವೆಂದು ತಲೆ ಅಲ್ಲಾಡಿಸಿದರು. ಮ್ಯಾನೇಜರು ಷೆಡ್ಡಿನ ಕಡೆ ನೋಡಿದ ರೀತಿಯಲ್ಲೇ ನಮ್ಮ ಮನೆಗಳ ಒಲೆ ಆರುವುದು ಕಾಣುತ್ತಿತ್ತು. ಕೊನೆಗೆ ಪೂಜೆಯ ಪೀಪಾಯಿಯದು ಬಂತು. ತಜ್ಞರು ಮೂಸಿದರು, ಕುಡಿದರು. ಮೊದಲ ಸಲ ಬಕೆಟ್ಟು ಮರೆತು ನುಂಗಿದರು.

"ಯುರೋಪಿನಲ್ಲಿ ಸನ್ಯಾಸಿಗಳು ಮಠದೊಳಗೆ ಬೀರು ಮಾಡ್ತಾರೆ. ಅಂಥ ಪವಿತ್ರ ಪರಿಮಳ ಇದು," ಅಂದರು. ಹೋಟೆಲಿನವರು ಎಷ್ಟಿದ್ದರೂ ಬೇಕು ಅಂದರು. ಮ್ಯಾನೇಜರು ನನ್ನ ಕಡೆ ಕತ್ತೆತ್ತಿ, "ಏನಯ್ಯಾ ಹಾಕಿದ್ದು?" ಅಂದರು.

"ಷೆಡ್ಡು ಮುಚ್ಚಲ್ಲ ಅಂತ ಇವ್ರೆಲ್ಲರ ಮುಂದೆ ಹೇಳಿ, ಹೇಳ್ತೀನಿ."

ಹೇಳಿದರು. ನಾನೂ ಹೇಳಿದೆ. ತಜ್ಞರು ಆಗ ಬಕೆಟ್ಟು ಹುಡುಕಿದರು, ಆಮೇಲೆ ಉಗುಳಿದರೆ ಪಾಪ ಬರುತ್ತದೆಂದು ಹೆದರಿ ಕೈಮುಗಿದರು.

ಗೂಳೂರಿಗೆ ಜೀಪು ಹೋಯಿತು. ಪೂಜಾರಪ್ಪನವರು ಬಂದು ಪೂರ್ತಿ ಕೇಳಿಸಿಕೊಂಡರು. "ಈ ಬೀರು ನಾನು ಮುಟ್ಟಲ್ಲ. ಆದ್ರೆ ಇಷ್ಟು ವರ್ಷ ತೀರ್ಥ ಕೊಟ್ಟಿದೀನಿ, ಒಬ್ರೂ ಇನ್ನೊಂದು ಉದ್ಧರಣೆ ಕೊಡಿ ಅಂದಿಲ್ಲ. ನೀವು ಪೀಪಾಯಿ ತುಂಬಾ ಕೇಳ್ತಿದೀರಿ. ತೀರ್ಥ ಹಾಕಕ್ಕೆ ಬರ್ತೀನಿ."

ಮ್ಯಾನೇಜರು ಉಸಿರು ಬಿಟ್ಟರು. ಪೂಜಾರಪ್ಪನವರು ನನ್ನ ಸ್ಟೂಲನ್ನು ಮೇಲಿನಿಂದ ಕೆಳಗೆ ನೋಡಿದರು.

"ಆದ್ರೆ ಇವನಿಗೆ ಕೊಟ್ಟಂಗೆ ನಂಗೂ ಇಂಥದ್ದು ಕೊಟ್ರೆ ಒಪ್ಪಲ್ಲ. ಕೈ ಇರೋ ಕುರ್ಚಿ ಹಾಕ್ಸಿ. ಅಲ್ಲೀವರ್ಗೂ," ಅಂದು ಪಂಚೆ ಸರಿಮಾಡಿಕೊಂಡು, ಬಾಗಿಲಿಗೆ ಅಡ್ಡ ಕೂತುಬಿಟ್ಟರು.